ಬೆಂಕೀಪುರದ ದಾರಿಯಲ್ಲಿ ಚಕ್ರಗಳು

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ನೀವು ಬಸ್ಸಿನಲ್ಲಿ ಹೋಗಿರಬಹುದು. ದೂರ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಅಲ್ಲಲ್ಲಿ ಹಳೆಯ ಟೈರು ನೇತುಹಾಕಿದ ಪಂಕ್ಚರ್ ಅಂಗಡಿಗಳು. ಅಡಿಕೆ, ಭತ್ತ, ಸಿಮೆಂಟು ಹೊತ್ತ ಪಿಕಪ್ ವಾಹನಗಳು ಎದುರಾಗುತ್ತವೆ. ಅವುಗಳ ಚಕ್ರಗಳನ್ನು ಎಂದಾದರೂ ಗಮನಿಸಿದ್ದೀರಾ? ಕೆಲವಕ್ಕೆ ಕಂಪನಿ ಕೊಟ್ಟ ಟೈರುಗಳಿರುವುದಿಲ್ಲ. ಹೆಚ್ಚು ಭಾರ ಹೇರಲೆಂದು ಮಾಲೀಕರು ಲಾರಿ ಜಾತಿಯ ದಪ್ಪ ಟೈರು, ಅದಕ್ಕೆ ತಕ್ಕ ಡಿಸ್ಕ್ ಹಾಕಿಸಿರುತ್ತಾರೆ. ಹೀಗೆ ಒಂದು ಗಾಡಿಯ ಚಕ್ರವನ್ನು ಇನ್ನೊಂದಕ್ಕೆ ಕೂರಿಸುವುದು ಸುಲಭದ ಕೆಲಸದಂತೆ ಕಾಣುತ್ತದೆ. ಅದು ಸುಲಭವಲ್ಲ ಎಂಬುದು ತಿಳಿಯಬೇಕಾದರೆ ಎತ್ತಿನ ಗಾಡಿಯಿಂದಲೇ ಆರಂಭಿಸಬೇಕು.

ಗಾಡಿಯ ಚಕ್ರದ ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಹೊರಸುತ್ತಿಗೆ ಬಾಗಿದ ಮರದ ತುಂಡುಗಳು. ಇವೆಲ್ಲವನ್ನೂ ಬಿಗಿದು ಹಿಡಿಯುವುದು ಹೊರಗಿನ ಕಬ್ಬಿಣದ ಪಟ್ಟಿ. ಬಡಗಿ ಮತ್ತು ಕಮ್ಮಾರ ಇಬ್ಬರೂ ಸೇರಿ ಮಾಡುವ ಕೆಲಸ ಇದು. ಪಟ್ಟಿಯ ಬಳೆಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಬೆಸೆದು, ಬೆರಣಿ ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಚಕ್ರಕ್ಕೆ ತೊಡಿಸಿ, ಒಡನೆ ನೀರು ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದೂವರೆ ಮೀಟರ್ ವ್ಯಾಸದ ಚಕ್ರದ ಸುತ್ತಳತೆ ಸುಮಾರು 4.7 ಮೀಟರ್. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 500 ಡಿಗ್ರಿ ಏರಿದರೆ ಸುತ್ತಳತೆ 28 ಮಿಲಿಮೀಟರ್, ಅಂದರೆ ವ್ಯಾಸ 9 ಮಿಲಿಮೀಟರ್ ಹೆಚ್ಚುತ್ತದೆ. ತಣಿದಾಗ ಅಷ್ಟೂ ಹಿಂದಿರುಗಲು ಹೆಣಗಿ ಮರವನ್ನು ಅಮುಕುತ್ತದೆ. ಮೊಳೆ, ನಟ್ಟು ಏನೂ ಬೇಡ. ಉಷ್ಣ ವ್ಯಾಕೋಚನವನ್ನು ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರೈಲಿನ ಚಕ್ರಗಳಿಗೂ ಬಹುಕಾಲ ಉಕ್ಕಿನ ಪಟ್ಟಿಯನ್ನು ಹೀಗೆಯೇ ತೊಡಿಸುತ್ತಿದ್ದರು. ಬೀರೂರು–ಶಿವಮೊಗ್ಗ ರೈಲುಮಾರ್ಗ ತೆರೆದದ್ದು 1899ರಲ್ಲಿ.

ಆಗ ಬೆಂಕೀಪುರ ಎನ್ನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1923ರಲ್ಲಿ ಬೀಡುಕಬ್ಬಿಣ ಹರಿಯಿತು. ಕಲ್ಲಿದ್ದಲಿಲ್ಲದ ಸೀಮೆಯಾದ್ದರಿಂದ ಮಲೆನಾಡಿನ ಮರವನ್ನೇ ಸುಟ್ಟು ಇದ್ದಿಲು ಮಾಡಿ ಊದುಕುಲುಮೆಗೆ ಹಾಕಿದರು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಉಕ್ಕಿನ ತಯಾರಿಕೆ ಶುರುವಾದದ್ದು 1930ರ ದಶಕದಲ್ಲಿ. ಮುಂದೆ ಈ ಕಾರ್ಖಾನೆ ಮಿಶ್ರಲೋಹ ಮತ್ತು ವಿಶೇಷ ಉಕ್ಕುಗಳಿಗೆ ಹೆಸರಾಯಿತು. ವಾಹನಗಳ ಆಕ್ಸಲ್‌ಗೆ, ಗೇರಿಗೆ ಬೇಕಾಗುವುದು ಅಂಥ ಉಕ್ಕು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು.

ಗಾಳಿ ತುಂಬಿದ ಟೈರಿನ ಕಥೆ ಬೇರೆಡೆಯದು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದ. ಬಳಕೆಗೆ ತಂದದ್ದು 1888ರಲ್ಲಿ ಡನ್‌ಲಪ್. ಸೈಕಲ್ಲಿನ ಟೈರನ್ನು ಕೈಯಿಂದ ಎಳೆದು ರಿಮ್ಮಿನ ಮೇಲೆ ದಾಟಿಸಬಹುದು. ಲಾರಿ ಟೈರಿನ ಅಂಚಿನೊಳಗೆ ದಪ್ಪ ಉಕ್ಕಿನ ತಂತಿಗಳಿವೆ, ಅದು ಹಿಗ್ಗುವುದಿಲ್ಲ. ಹಾಗಾಗಿ ರಿಮ್ಮನ್ನೇ ಬಿಡಿಭಾಗಗಳಾಗಿ ಮಾಡಿದರು. ಟೈರನ್ನು ಪಕ್ಕದಿಂದ ಜಾರಿಸಿ, ಮೇಲೊಂದು ಉಕ್ಕಿನ ರಿಂಗ್ ಕೂರಿಸಿ ಗಾಳಿ ತುಂಬುವುದು. ಪಂಕ್ಚರ್ ಅಂಗಡಿಯಲ್ಲಿ ಇದನ್ನು ನೀವು ನೋಡಿರುತ್ತೀರಿ. ಆಗ ಸ್ವಲ್ಪ ದೂರ ನಿಲ್ಲಿ. ಲಾರಿ ಟೈರಿನ ಒತ್ತಡ ಚದರ ಇಂಚಿಗೆ ನೂರು ಪೌಂಡಿನ ಆಸುಪಾಸು. ಅದು ಟೈರಿನ ಪಕ್ಕವನ್ನೆಲ್ಲ ಒತ್ತಿ ರಿಂಗಿನ ಮೇಲೆ ಹೇರುವ ಒಟ್ಟು ಬಲ ಹತ್ತು ಟನ್ನಿಗೂ ಮಿಕ್ಕಿದ್ದು. ತುಕ್ಕು ಹಿಡಿದ, ಸರಿಯಾಗಿ ಕೂರದ ರಿಂಗ್ ಸಿಡಿದರೆ ಎದುರಿಗಿದ್ದವರು ಉಳಿಯುವುದು ಅಪರೂಪ. ಇಂಥ ಸಾವುಗಳ ಕಾರಣದಿಂದ ಅಮೆರಿಕದಲ್ಲಿ 1980ರಲ್ಲಿ ನಿಯಮವೊಂದು ಬಂತು: ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕು. ನಮ್ಮ ರಸ್ತೆಬದಿಯ ಅಂಗಡಿಗಳಲ್ಲಿ ಪಂಜರ ಕಾಣುವುದು ಕಡಿಮೆ. ರಿಂಗಿನ ಮೇಲೆ ಕಾಲಿಟ್ಟು ನಿಂತ ಹುಡುಗರು ಮಾತ್ರ ಕಾಣುತ್ತಾರೆ.

ಇನ್ನು ಸಮತೋಲದ ಮಾತು. ಗಾಡಿಯ ಚಕ್ರ ಮಾಡುವ ಬಡಗಿ ಅದನ್ನು ಎಂದೂ ಬ್ಯಾಲೆನ್ಸ್ ಮಾಡಲಿಲ್ಲ. ಏಕೆ? ಸುತ್ತುವ ವಸ್ತುವಿನಲ್ಲಿ ಒಂದು ಕಡೆ ಹೆಚ್ಚಿರುವ ದ್ರವ್ಯರಾಶಿ ಹೊರಕ್ಕೆ ಎಳೆಯುವ ಬಲವು ದ್ರವ್ಯರಾಶಿ, ತ್ರಿಜ್ಯ ಹಾಗೂ ಕೋನೀಯ ವೇಗದ ವರ್ಗ, ಈ ಮೂರರ ಗುಣಲಬ್ಧ. ಗಂಟೆಗೆ 4 ಕಿಮೀ ಸಾಗುವ ಗಾಡಿಯ ಚಕ್ರದ ಅಂಚಿನಲ್ಲಿ ಒಂದು ಕಿಲೋ ಮರ ಹೆಚ್ಚಿದ್ದರೂ ಬರುವ ಬಲ 1.6 ನ್ಯೂಟನ್, ಅಂದರೆ ಸುಮಾರು 170 ಗ್ರಾಂ ತೂಕದಷ್ಟು. ಎತ್ತಿಗೆ ಅದರ ಪರಿವೆಯೇ ಇರದು. ಪಿಕಪ್ಪಿನ 16 ಇಂಚಿನ ಚಕ್ರದ ರಿಮ್ಮಿನಲ್ಲಿ ಬರೀ 50 ಗ್ರಾಂ ಹೆಚ್ಚಿರಲಿ. ಗಂಟೆಗೆ 40 ಕಿಮೀ ವೇಗದಲ್ಲಿ ಬಲ ಸುಮಾರು 9 ನ್ಯೂಟನ್. 80 ಕಿಮೀ ವೇಗದಲ್ಲಿ ಅದು ನಾಲ್ಕು ಪಟ್ಟು, 35 ನ್ಯೂಟನ್. ಮೂರೂವರೆ ಕಿಲೋ ಸುತ್ತಿಗೆ ಸೆಕೆಂಡಿಗೆ ಒಂಬತ್ತು ಬಾರಿ ಆಕ್ಸಲನ್ನು ಮೇಲೆ ಕೆಳಗೆ ಎಳೆದಂತೆ. ಚಕ್ರಕ್ಕೆ ತೂಕ ಅಂಟಿಸುವ ಕಸುಬು ಹುಟ್ಟಿದ್ದು ವೇಗದಿಂದ.

ಮೊದಲಿನವರು ಚಕ್ರವನ್ನು ಸಡಿಲವಾಗಿ ನೇತುಹಾಕಿ ಭಾರದ ಭಾಗ ಕೆಳಗೆ ಬಂದು ನಿಲ್ಲುವುದನ್ನು ನೋಡಿ, ಎದುರು ಬದಿಗೆ ಸೀಸದ ತುಂಡು ಸಿಕ್ಕಿಸುತ್ತಿದ್ದರು. ಇದು ಸ್ಥಿರ ಸಮತೋಲ. ಅಗಲ ಚಕ್ರಕ್ಕೆ ಇಷ್ಟೇ ಸಾಲದು. ಒಳಮುಖದಲ್ಲಿ ಮೇಲೆ ಒಂದು ಭಾರ, ಹೊರಮುಖದಲ್ಲಿ ಕೆಳಗೆ ಅಷ್ಟೇ ಭಾರ ಇದೆ ಎಂದುಕೊಳ್ಳಿ. ನೇತುಹಾಕಿದರೆ ಚಕ್ರ ಅಲುಗದು, ಓಡಿಸಿದರೆ ಮಾತ್ರ ಎಡಬಲಕ್ಕೆ ಓಲಾಡುತ್ತದೆ. ಇದನ್ನು ಹಿಡಿಯಲು ಚಕ್ರವನ್ನು ತಿರುಗಿಸಿಯೇ ಅಳೆಯುವ ಯಂತ್ರ ಬೇಕಾಯಿತು. ವಿಷವೆಂಬ ಕಾರಣಕ್ಕೆ ಸೀಸವನ್ನು ಯುರೋಪ್ ಒಕ್ಕೂಟ 2005ರಿಂದ ಬಿಟ್ಟಿದೆ. ಈಗ ಸತು, ಉಕ್ಕಿನ ತುಂಡುಗಳು ಬಳಕೆಯಲ್ಲಿವೆ.

ಈಗ ನಮ್ಮ ಪಿಕಪ್ಪಿಗೆ ಬರೋಣ. ದಪ್ಪ ಚಕ್ರ ಹಾಕಿಸಿ, ಯಂತ್ರದ ಮೇಲೆ ಬ್ಯಾಲೆನ್ಸ್ ಮಾಡಿಸಿ, ಪರದೆಯಲ್ಲಿ ಸೊನ್ನೆ ಕಂಡರೂ ಗಂಟೆಗೆ 60 ದಾಟಿದೊಡನೆ ಸ್ಟಿಯರಿಂಗ್ ನಡುಗುತ್ತದೆ ಎಂದು ಚಾಲಕರು ದೂರುವುದುಂಟು. ಯಂತ್ರ ಸುಳ್ಳು ಹೇಳಿಲ್ಲ. ಅದು ಚಕ್ರವನ್ನು ನಡುವಿನ ದೊಡ್ಡ ತೂತಿನಿಂದ ಹಿಡಿದು ತಿರುಗಿಸಿತ್ತು. ಕೆಲವು ಲಾರಿ ಚಕ್ರಗಳನ್ನು ವಾಹನದ ಮೇಲೆ ಮಧ್ಯಕ್ಕೆ ತರುವುದು ಆ ತೂತಲ್ಲ, ಸುತ್ತಲಿನ ಸ್ಟಡ್‌ಗಳು ಮತ್ತು ಶಂಕುವಿನಾಕಾರದ ನಟ್‌ಗಳು. ಅಂಥ ಚಕ್ರದಲ್ಲಿ ನಡುವಿನ ತೂತು ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೂ ತಯಾರಕರಿಗೆ ಚಿಂತೆಯಿರಲಿಲ್ಲ. ಯಂತ್ರ ಒಂದು ಕೇಂದ್ರದ ಸುತ್ತ ತೂಗಿತು, ರಸ್ತೆಯಲ್ಲಿ ಚಕ್ರ ಇನ್ನೊಂದು ಕೇಂದ್ರದ ಸುತ್ತ ತಿರುಗಿತು. ಇಂಥವನ್ನು ಸ್ಟಡ್ ತೂತುಗಳಿಂದಲೇ ಹಿಡಿಯುವ ಅಡಾಪ್ಟರ್ ಹಾಕಿ ಬ್ಯಾಲೆನ್ಸ್ ಮಾಡಬೇಕು. ಹೊಸ ಲಾರಿಗಳಲ್ಲಿ ಹಬ್ಬೇ ಚಕ್ರವನ್ನು ಮಧ್ಯಕ್ಕೆ ತರುತ್ತದೆ, ನಟ್‌ಗಳು ಚಪ್ಪಟೆಯಾಗಿರುತ್ತವೆ. ಚಪ್ಪಟೆ ನಟ್ಟನ್ನು ಶಂಕುವಿನ ತೂತಿಗೆ ಹಾಕುವುದು ಅಪಾಯ. ಅಂದಹಾಗೆ, 6.00–16 ಟೈರಿನ ಜಾಗದಲ್ಲಿ 7.00–16 ಹಾಕಿದರೆ ಹೊರವ್ಯಾಸ ಸುಮಾರು ಶೇಕಡ 5 ಹೆಚ್ಚುತ್ತದೆ. ಮೀಟರು 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ.

ನಟ್‌ಗಳದ್ದೂ ಒಂದು ಚರಿತ್ರೆಯಿದೆ. ಹಳೆಯ ಲಾರಿಗಳ ಎಡಬದಿಯ ಸ್ಟಡ್‌ಗಳಿಗೆ ಎಡಮರೆ ಇರುತ್ತಿತ್ತು, ಬಿಗಿಯಲು ಉಲ್ಟಾ ತಿರುಗಿಸಬೇಕು. ಚಕ್ರ ಉರುಳುತ್ತಾ ನಟ್ ತಾನೇ ಬಿಚ್ಚಿಕೊಳ್ಳದಿರಲಿ ಎಂದು ಈ ಉಪಾಯ. ಸೈಕಲ್ಲಿನ ಎಡ ಪೆಡಲ್‌ಗೂ ಎಡಮರೆಯೇ. ತರಗತಿಯಲ್ಲಿ ಮಾಡಿ ನೋಡಿ: ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಹೊರಗಿನ ತುದಿಯನ್ನು ಇನ್ನೊಂದು ಕೈಯಿಂದ ವೃತ್ತಾಕಾರವಾಗಿ ಸುತ್ತಿಸಿ. ಪೆನ್ಸಿಲ್ ತನ್ನ ಅಕ್ಷದ ಮೇಲೆ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಚಪ್ಪಟೆ ನಟ್ ಬಂದ ಮೇಲೆ ಹೆಚ್ಚಿನ ತಯಾರಕರು ಎರಡೂ ಬದಿಗೆ ಬಲಮರೆಯನ್ನೇ ಕೊಡುತ್ತಾರೆ. ಚಕ್ರವನ್ನು ಹಿಡಿದಿಡುವುದು ಮುಖ್ಯವಾಗಿ ಸ್ಟಡ್‌ನ ದಪ್ಪವಲ್ಲ, ಡಿಸ್ಕ್ ಮತ್ತು ಹಬ್ಬಿನ ಮುಖಗಳು ಒತ್ತಿಕೊಂಡಾಗ ಹುಟ್ಟುವ ಘರ್ಷಣೆ. ನಡುವೆ ಬಣ್ಣವೋ ತುಕ್ಕೋ ಇದ್ದರೆ ಕೆಲವು ಕಿಲೋಮೀಟರಿನಲ್ಲಿ ಅದು ಅರೆದು ತೆಳುವಾಗಿ ಬಿಗಿತ ಇಳಿಯುತ್ತದೆ. ಆದ್ದರಿಂದ ಶಿವಮೊಗ್ಗದಲ್ಲಿ ಚಕ್ರ ಬದಲಿಸಿದ ಪಿಕಪ್ಪು ಭದ್ರಾವತಿಗೆ ಹೋಗಿ ಬಂದು ಇನ್ನೂ ಒಂದು ಸುತ್ತು ಹೊಡೆದು 50–100 ಕಿಮೀ ಆಗುವಷ್ಟರಲ್ಲಿ, ಚಾಲಕ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ಇಳಿಯಬೇಕು.