ಖಾಲಿ ಪರಿಸರ ನಿಜಕ್ಕೂ ಖಾಲಿಯಾದ ಬಗೆ

ಹೊಸ ಕೆಲಸಕ್ಕೆ ಹೊಸ ವರ್ಚುವಲ್ ಪರಿಸರ ಮಾಡಿಕೊಳ್ಳಿ ಎಂದು ಪೈಥಾನ್ ಕಲಿಯುವವರಿಗೆ ನೀವು ಹೇಳಿರುತ್ತೀರಿ. ಏನೂ ಇಲ್ಲದ ಒಂದು ಫೋಲ್ಡರಿಗೆ ಇಷ್ಟು ಮಹತ್ವ ಏಕೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ?

ಮೊದಲು ಒಂದು ಪೈಥಾನ್‌ಗೆ ಸೇರಿದ ಪ್ಯಾಕೇಜುಗಳೆಲ್ಲ ಸಾಮಾನ್ಯವಾಗಿ ಒಂದೇ ಫೋಲ್ಡರಿನಲ್ಲಿ ಇರುತ್ತಿದ್ದವು. ಅಲ್ಲಿ ಒಂದೇ ಪ್ಯಾಕೇಜಿನ ಎರಡು ಆವೃತ್ತಿಗಳಿಗೆ ಜಾಗವಿಲ್ಲ. ಹೊಸ ಲೆಕ್ಕಕ್ಕೆಂದು ಆವೃತ್ತಿ ಬದಲಿಸಿದರೆ ಹಳೆಯ ಲೆಕ್ಕ ನಿಂತುಹೋಗಬಹುದು. ದೋಷವನ್ನೇ ತೋರಿಸದೆ ಬೇರೆ ಉತ್ತರವನ್ನೂ ಕೊಡಬಹುದು. ಪ್ರಯೋಗದ ಫಲಿತಾಂಶ ಒಪ್ಪಿಸಬೇಕಾದವರಿಗೆ ಎರಡನೆಯದೇ ಹೆಚ್ಚು ಅಪಾಯ.

2007ರಲ್ಲಿ ಇಯಾನ್ ಬಿಕಿಂಗ್ ಹೊರತಂದ 'ವರ್ಚುವಲ್‌ಎನ್ವ್' ಪ್ರತಿ ಕೆಲಸಕ್ಕೂ ಪ್ರತ್ಯೇಕ ಫೋಲ್ಡರ್ ಕೊಟ್ಟಿತು. ಆದರೆ ಅದರ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಗಣಕದಲ್ಲಿ ಮೊದಲೇ ಇದ್ದ ಪ್ಯಾಕೇಜುಗಳು ಒಳಗಿನಿಂದಲೂ ಕಾಣುತ್ತಿದ್ದವು. ಬೇಡವೆಂದರೆ ಬಳಕೆದಾರರೇ ಸೂಚಿಸಬೇಕಿತ್ತು. 2011ರ ಕೊನೆಗೆ ಬಂದ 1.7ನೇ ಆವೃತ್ತಿಯಲ್ಲಿ ಇದು ತಿರುಗಿ, ಕೇಳದಿದ್ದರೂ ಬಾಗಿಲು ಮುಚ್ಚಿಯೇ ಇರುವಂತಾಯಿತು. ಸಣ್ಣ ಬದಲಾವಣೆ ಎನಿಸಬಹುದು. ನನ್ನ ಮಟ್ಟಿಗೆ ಈ ಕಥೆಯ ತಿರುವು ಅದೇ. 2012ರಲ್ಲಿ ಪೈಥಾನ್ 3.3ರೊಂದಿಗೆ 'ವೆನ್ವ್' ಎಂಬ ಇದೇ ಬಗೆಯ ಸೌಲಭ್ಯ ಭಾಷೆಯ ಭಾಗವಾಗಿಯೇ ಬಂತು.

ಅದೇ ವರ್ಷ ಕಂಟಿನ್ಯೂಯಂ ಅನಲಿಟಿಕ್ಸ್ ಸಂಸ್ಥೆ 'ಕೋಂಡಾ' ಎಂಬ ಪ್ಯಾಕೇಜ್ ಮ್ಯಾನೇಜರ್ ಹೊರತಂದಿತು. ವಿಜ್ಞಾನಿಗಳ ತೊಡಕು ಬೇರೆಯಾಗಿತ್ತು: ನಂಪೈ, ಸೈಪೈಗಳ ಅಡಿಯಲ್ಲಿ ಸಿ, ಫೋರ್ಟ್ರಾನ್ ಭಾಷೆಗಳಲ್ಲಿ ಬರೆದ ಲೈಬ್ರರಿಗಳಿವೆ. ಅವನ್ನೂ ಜೊತೆಗೆ ನಿಭಾಯಿಸಲು ಹೊರಟ ಕೋಂಡಾ, ಪೈಥಾನನ್ನೂ ಎಲ್ಲದರಂತೆ ಇನ್ನೊಂದು ಪ್ಯಾಕೇಜ್ ಎಂದೇ ಎಣಿಸಿತು. ಹೀಗಾಗಿ ಕೋಂಡಾದಲ್ಲಿ ಹೆಸರಷ್ಟೇ ಕೊಟ್ಟು ಪರಿಸರ ನಿರ್ಮಿಸಿದರೆ ಸಾಮಾನ್ಯವಾಗಿ ಅದರಲ್ಲಿ ಪೈಥಾನ್ ಕೂಡ ಇರುವುದಿಲ್ಲ.

ಇಲ್ಲಿಯೇ ವಿದ್ಯಾರ್ಥಿಗಳು ಎಡವುವುದು. ಆ ಖಾಲಿ ಪರಿಸರಕ್ಕೆ ಹೋಗಿ 'ಪೈಥಾನ್' ಎಂದು ಟೈಪ್ ಮಾಡಿದರೂ ಎಷ್ಟೋ ವೇಳೆ ಪೈಥಾನ್ ತೆರೆದುಕೊಳ್ಳುತ್ತದೆ! ಆದರೆ ಅದು ಹೊರಗಿನ ಪೈಥಾನ್. ಆದೇಶಕ್ಕೆ ಒಳಗೆ ಯಾರೂ ಸಿಗದಿದ್ದಾಗ ಗಣಕವು ಹುಡುಕುದಾರಿಯಲ್ಲಿರುವ ಮುಂದಿನ ಫೋಲ್ಡರುಗಳನ್ನು ನೋಡುತ್ತದೆ. ಆಗ 'ಪಿಪ್' ಬಳಸಿ ಪ್ಯಾಕೇಜ್ ಹಾಕಿದರೆ ಅದೂ ಹೊರಗಿನ ಪೈಥಾನಿಗೇ ಸೇರಬಹುದು. ಆದ್ದರಿಂದ ಪರಿಸರ ನಿರ್ಮಿಸುವಾಗಲೇ ಪೈಥಾನಿನ ಆವೃತ್ತಿಯನ್ನೂ ಹೆಸರಿಸಲು ಹೇಳಿ.

ಅಂದಹಾಗೆ, ಕೋಂಡಾದ ಖಾಲಿ ಪರಿಸರವನ್ನು ತೆರೆದು ನೋಡಿ. ಒಳಗೆ 'ಹಿಸ್ಟರಿ' ಎಂಬ ಪುಟ್ಟ ಕಡತವಿರುತ್ತದೆ. ಮುಂದೆ ನೀವು ಕೋಂಡಾ ಮೂಲಕ ಯಾವ ಪ್ಯಾಕೇಜ್ ಸೇರಿಸಿದಿರಿ, ಯಾವುದನ್ನು ತೆಗೆದಿರಿ ಎಂಬುದು ದಿನಾಂಕ ಸಹಿತ ಅದರಲ್ಲಿ ದಾಖಲಾಗುತ್ತದೆ.