ಸರ್ಪಸುತ್ತು: ಸರ್ಪವಿಲ್ಲದ ಕಥೆ

ಬೀದರ ನಗರಕ್ಕೆ ಹೊಂದಿಕೊಂಡ ನೌಬಾದದಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಯಿದೆ. ಕರೇಜ್ ಎಂದೂ ಕರೆಯುವ ಇದರ ನೀರಿನ ದಾರಿ ನೆಲದಡಿಯಲ್ಲಿದೆ. ಮೇಲೆ ನಿಂತವರಿಗೆ ಕಾಣುವುದು ಸಾಲಾಗಿ ತೆರೆದ ಬಾವಿಗಳು ಮಾತ್ರ. ಸರ್ಪಸುತ್ತು ಎಂಬ ಕಾಯಿಲೆಯೂ ಹಾಗೆಯೇ. ಎದೆ, ಸೊಂಟ ಅಥವಾ ಮುಖದ ಒಂದು ಪಕ್ಕದಲ್ಲಿ ನೀರುಗುಳ್ಳೆಗಳು ಸಾಲಾಗಿ ಏಳುತ್ತವೆ. ಮೂಲ ಮಾತ್ರ ಒಳಗೆ, ನರದಲ್ಲಿರುತ್ತದೆ.

ಈ ಸಾಲನ್ನು ಕಂಡು ನಮ್ಮ ಹಿರಿಯರು ಹಾವನ್ನು ನೆನೆದರು. ಗ್ರೀಕರು ನಡುಪಟ್ಟಿ ಎಂಬ ಅರ್ಥದ ‘ಝೋಸ್ಟರ್’ ಪದ ಬಳಸಿದರು. ಹಾವಿನ ತಲೆ, ಬಾಲ ಕೂಡಿದರೆ ಪ್ರಾಣಾಪಾಯವೆಂಬ ಭಯ ನಮ್ಮಲ್ಲಿ ಉಳಿಯಿತು.

ನಿಜವಾದ ಕಾರಣ ತಿಳಿಯಲು ಬಹುಕಾಲ ಬೇಕಾಯಿತು. ಸರ್ಪಸುತ್ತು ಇದ್ದವರ ಮನೆಯ ಮಕ್ಕಳಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಬರುವುದನ್ನು ಹಂಗೇರಿಯ ವೈದ್ಯ ಬೋಕಾಯ್ 1892ರಲ್ಲಿ ಗುರುತಿಸಿದರು. ಎರಡಕ್ಕೂ ಒಂದೇ ವೈರಸ್ ಕಾರಣವೆಂದು ಅಮೆರಿಕದ ಥಾಮಸ್ ವೆಲರ್ 1950ರ ದಶಕದಲ್ಲಿ ತೋರಿಸಿದರು. 1965ರಲ್ಲಿ ಇಂಗ್ಲೆಂಡಿನ ಸಾಮಾನ್ಯ ವೈದ್ಯ ಹೋಪ್ ಸಿಂಪ್ಸನ್, ತಮ್ಮ ರೋಗಿಗಳ ದೀರ್ಘಕಾಲದ ದಾಖಲೆಗಳನ್ನು ಆಧರಿಸಿ ಒಗಟನ್ನು ಬಿಡಿಸಿದರು: ಸೀತಾಳೆ ವಾಸಿಯಾದರೂ ವೈರಸ್ ನರಗಂಟುಗಳಲ್ಲಿ ಮಲಗಿರುತ್ತದೆ, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು, ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಬೆನ್ನುಹುರಿಯ ಪ್ರತಿ ನರ ಮೈಯ ಒಂದೇ ಪಕ್ಕಕ್ಕೆ ಹೋಗುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ತಲೆ, ಬಾಲ ಕೂಡುವ ಮಾತಿಗೆ ಆಧಾರವಿಲ್ಲ.

ಆದರೆ ನಿಜವಾದ ಅಪಾಯವೊಂದಿದೆ. ನನ್ನ ಅಜ್ಜಿಗೆ ಇದು ಬಂದಾಗ ಮನೆಯವರು ಕೆಮ್ಮಣ್ಣು ಹಚ್ಚಿ ಐದು ದಿನ ಕಾದರು. ಗುಳ್ಳೆ ಒಣಗಿತು, ಉರಿನೋವು ವರ್ಷವಾದರೂ ಹೋಗಲಿಲ್ಲ. ಅಸೈಕ್ಲೋವಿರ್‌ನಂಥ ಔಷಧವನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಕಣ್ಣಿನ ಸುತ್ತ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯ. ಒಂದು ದಿನವೂ ತಡಮಾಡಬಾರದು. ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಡಬೇಕು. ಅದರ ನೀರು ತಾಗಿದರೆ ಸೀತಾಳೆ ಬಾರದವರಿಗೆ ಸೀತಾಳೆ ಬರಬಹುದು. ಎಳೆಗೂಸುಗಳೂ ಗರ್ಭಿಣಿಯರೂ ದೂರವಿರುವುದು ಲೇಸು.

ತಡೆಯಲು ಲಸಿಕೆಯೂ ಇದೆ. ಜಪಾನಿನ ತಕಹಾಶಿ 1974ರಲ್ಲಿ ಸೀತಾಳೆಯ ಲಸಿಕೆಯನ್ನು ಪ್ರಕಟಿಸಿದರು. ಸರ್ಪಸುತ್ತಿನ ಹೊಸ ಲಸಿಕೆ 2023ರಲ್ಲಿ ಭಾರತಕ್ಕೆ ಬಂತು. 50 ದಾಟಿದವರು ವೈದ್ಯರ ಸಲಹೆಯಂತೆ ಎರಡು ಬಾರಿ ಹಾಕಿಸಿಕೊಳ್ಳಬಹುದು.

ವಿದ್ಯಾರ್ಥಿಗಳೇ, ಮನೆಯ ಹಿರಿಯರು “ಒಂದೇ ಪಕ್ಕ ಉರಿಯುತ್ತಿದೆ” ಎಂದರೆ ಹಾವಿನ ಕಥೆ ಕೇಳುತ್ತ ಕೂರಬೇಡಿ. ಅಂದೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.