ಮುಖ ಓದುವ ವಿದ್ಯೆಯ ಚರಿತ್ರೆ

ತಮಿಳು ತಿಳಿಯದೆ ತಿರುವೊಟ್ಟಿಯೂರಿಗೆ ಬಂದು ನೆಲೆಸುವ ಕನ್ನಡಿಗನು ಮೊದಲು ಓದುವ ಲಿಪಿ ಎದುರಿನವರ ಮುಖ. ತ್ಯಾಗರಾಜಸ್ವಾಮಿ ಗುಡಿಯ ಬಳಿ ದಾರಿ ಕೇಳಿದರೆ, ಉತ್ತರ ಅರ್ಥವಾಗದಿದ್ದರೂ ಹೇಳಿದವರ ಸಹನೆಯೋ ಸಿಡುಕೋ ಅರ್ಥವಾಗುತ್ತದೆ. ಈ ಲಿಪಿ ಎಲ್ಲರಿಗೂ ಒಂದೇ ಸಮನಾಗಿ ಓದಲು ಬರುವುದೆ?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗರು. 1867ರಲ್ಲಿ ಅವರು 16 ಪ್ರಶ್ನೆಗಳ ಪಟ್ಟಿಯನ್ನು ದೂರದೇಶಗಳಿಗೆ ಕಳುಹಿಸಿದರು; ಕಲ್ಕತ್ತೆಯ ಸಸ್ಯೋದ್ಯಾನದ ಜೆ. ಸ್ಕಾಟ್ ಕೂಡ ಉತ್ತರಿಸಿದರು. ಫ್ರಾನ್ಸಿನ ವೈದ್ಯ ಡುಶೇನ್ ತೆಗೆದ ಮುಖಚಿತ್ರಗಳನ್ನು ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತೋರಿಸಿ, ಕಾಣುವ ಭಾವ ಯಾವುದೆಂದು ಕೇಳಿದರು. 1872ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಅಮೆರಿಕದ ಎಕ್ಮನ್ ಮತ್ತು ಫ್ರೀಸನ್ 1976ರಲ್ಲಿ 110 ಛಾಯಾಚಿತ್ರಗಳ ಸಂಗ್ರಹವನ್ನು ಹೊರತಂದರು. ಅವರು ಆರಿಸಿದ ಆರು ಭಾವಗಳು ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ ಮತ್ತು ಆಶ್ಚರ್ಯ. ಭರತನ ಎಂಟು ಸ್ಥಾಯಿಭಾವಗಳಲ್ಲಿ ರತಿ, ಉತ್ಸಾಹಗಳನ್ನು ಬಿಟ್ಟರೆ ಉಳಿಯುವವು ಬಹುಮಟ್ಟಿಗೆ ಇವೇ.

ಆ ಸಂಗ್ರಹದ ಮುಖಗಳು ಪಾಶ್ಚಾತ್ಯರವು. ಭಾರತೀಯ ರೋಗಿಗೆ ಭಾರತೀಯ ಮುಖವನ್ನೇ ತೋರಿಸುವುದು ನ್ಯಾಯವೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 'ಟ್ರೆಂಡ್ಸ್' ಎಂಬ ಸಾಧನವನ್ನು ರೂಪಿಸಿ 2008ರಲ್ಲಿ ಪ್ರಕಟಿಸಿದರು. ವಯಸ್ಸಿನಲ್ಲಿ ಕಿರಿಯರೂ ಹಿರಿಯರೂ ಆದ ನಾಲ್ವರು ನಟನಟಿಯರು ಅಭಿನಯಿಸಿದ 52 ಸ್ಥಿರಚಿತ್ರಗಳೂ 28 ಚಲನಚಿತ್ರ ತುಣುಕುಗಳೂ ಅದರಲ್ಲಿವೆ.

ಇಂತಹ ಪರೀಕ್ಷೆಗಳಲ್ಲಿ ಎಡವುವವರ ಪೈಕಿ ಎರಡು ಗುಂಪುಗಳನ್ನು ಜನ ಸುಲಭವಾಗಿ ಒಂದೇ ಎಂದು ಭಾವಿಸುತ್ತಾರೆ: ಸಮಾಜವಿರೋಧಿ ವ್ಯಕ್ತಿತ್ವ ದೋಷವುಳ್ಳವರು ಮತ್ತು ಗಮನದ ಕೊರತೆ, ಅತಿಚಟುವಟಿಕೆಗಳ ಎಡಿಎಚ್‌ಡಿ ಉಳ್ಳವರು. 2008ರಲ್ಲಿಯೇ ಮಾರ್ಶ್ ಮತ್ತು ಬ್ಲೇರ್ 20 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸಮಾಜವಿರೋಧಿ ವರ್ತನೆಯುಳ್ಳವರಿಗೆ ಮುಖ್ಯವಾಗಿ ಅನ್ಯರ ಭಯವನ್ನು ಗುರುತಿಸುವುದು ಕಷ್ಟವೆಂದು ಕಂಡುಬಂದಿತು. ಅದಕ್ಕೂ ಮೊದಲು, 2000ದಲ್ಲಿ, ಕೆನಡಾದ ಕ್ಯಾಡೆಸ್ಕಿ ಮತ್ತು ಸಂಗಡಿಗರು ಮಕ್ಕಳನ್ನು ಪರೀಕ್ಷಿಸಿದ್ದರು. ದುರ್ವರ್ತನೆಯ ಸಮಸ್ಯೆಯುಳ್ಳ ಮಕ್ಕಳು ಇತರ ಭಾವಗಳನ್ನೂ ಕೋಪವೆಂದು ಓದುತ್ತಿದ್ದರು. ಎಡಿಎಚ್‌ಡಿ ಮಕ್ಕಳ ತಪ್ಪುಗಳಿಗೆ ಅಂತಹ ಯಾವ ಒಲವೂ ಇರಲಿಲ್ಲ. ಅವರು ಮುಖವನ್ನು ಪೂರ್ತಿ ನೋಡುವ ಮೊದಲೇ ಗಮನ ಜಾರಿಹೋಗಿರಬಹುದು. ಅಂಕ ಎರಡೂ ಕಡೆ ಕಡಿಮೆಯೇ. ಕಾರಣ ಮಾತ್ರ ಬೇರೆ.

ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಈ ವ್ಯತ್ಯಾಸ ಮುಖ್ಯವಾದುದು. ತಾಯಿ ಕಣ್ಣೀರಿಡುತ್ತಿದ್ದರೂ ಆಟದಲ್ಲಿ ಮುಳುಗಿರುವ ಬಾಲಕನನ್ನು 'ಕಲ್ಲೆದೆಯವನು' ಎನ್ನುವುದು ಸುಲಭ. ಆದರೆ ವೈದ್ಯಶಾಸ್ತ್ರವು ಸಮಾಜವಿರೋಧಿ ವ್ಯಕ್ತಿತ್ವ ದೋಷವೆಂಬ ಹೆಸರನ್ನು ಹದಿನೆಂಟು ತುಂಬದವರಿಗೆ ಕೊಡುವುದೇ ಇಲ್ಲ. ಮುಖ ಓದುವ ಪರೀಕ್ಷೆಯೊಂದನ್ನೇ ನೆಚ್ಚಿ ಯಾರಿಗೂ ಕೊಡುವುದಿಲ್ಲ. ಅವನನ್ನು ಹತ್ತಿರ ಕರೆದು, ಭುಜ ಮುಟ್ಟಿ, 'ಅಮ್ಮನ ಮುಖ ನೋಡು' ಎಂದರೆ ಅವನಿಗೆ ಕಾಣಬಹುದು. ತೀರ್ಪು ಕೊಡುವ ಮೊದಲು ನಾವು ಅಷ್ಟಾದರೂ ಮಾಡಬೇಕಾಗಿದೆ.